ನಿಲ್ಲಿಸಿದ ಮಾತ್ರೆ

ಪಿಸ್ತಾ ತೋಟದ ಅಂಚಿನಲ್ಲಿ ಊಟಕ್ಕೆ ಕೂತಿದ್ದ ಆಳುಗಳೆಲ್ಲ ನಗುತ್ತಿದ್ದರು. ನಗಿಸುತ್ತಿದ್ದವನು ಮೇಸ್ತ್ರಿ ಹೆರ್ಮೆಲಿಂದೊ. ನಗೆಗೆ ಈಡಾದವನು ಅವನ ತಂಗಿಯ ಗಂಡ ನಿಕಾನೋರ್.

“ನೋಡ್ರೋ, ನಮ್ಮ ಭಾವಮೈದ ಮತ್ತೆ ತುಟಿಗೆ ಮುಲಾಮು ಹಚ್ಕೊಳ್ತಿದಾನೆ. ಮದುವಣಗಿತ್ತಿ!”

“ಮಾತ್ರೆಗೆ ತುಟಿ ಒಡೀತದೆ ಭಾವ,” ಎಂದು ನಿಕಾನೋರ್ ಮೆಲ್ಲಗೆ ಹೇಳಿದ.

ಬೇಕರ್ಸ್‌ಫೀಲ್ಡ್ ಊರಿನ ಸುತ್ತಿನ ಒಣಮಣ್ಣಿನಲ್ಲಿರುವ ಶಿಲೀಂಧ್ರ ಧೂಳಿನ ಜೊತೆ ಅವನ ಶ್ವಾಸಕೋಶ ಸೇರಿ, ಚಳಿಗಾಲವಿಡೀ ಹಾಸಿಗೆ ಹಿಡಿಸಿತ್ತು. ಆ ಕಡೆ ಅದನ್ನು ಕಣಿವೆ ಜ್ವರ ಎನ್ನುತ್ತಾರೆ. ಮಾತ್ರೆ ಶುರುವಾದ ಮೇಲೆ ಕೆಮ್ಮು ಇಳಿದು, ಮೈಗೆ ಕಸುವು ಬಂದು, ಕೆಲಸಕ್ಕೆ ಮರಳಿದ್ದ. ತಾವು ಹೇಳುವ ತನಕ ನಿಲ್ಲಿಸಕೂಡದು ಎಂದು ಡಾಕ್ಟರು ಹೇಳಿದ್ದರು.

“ಕೆಮ್ಮಿಲ್ಲ, ಜ್ವರ ಇಲ್ಲ. ಇನ್ನೂ ಯಾಕೆ ನುಂಗ್ತೀಯ? ಕೂದಲು ಬೇರೆ ಉದುರ್ತಿದೆ. ಬಿಟ್ಟು ಗಂಡಸಿನ ಹಾಗಿರು!” ಎಂದು ಹೆರ್ಮೆಲಿಂದೊ ಕೆಣಕಿದ.

ಮತ್ತೆ ನಗೆ. ನಿಕಾನೋರ್ ಮಾತ್ರೆ ಬಿಟ್ಟ. ಹೆಂಡತಿ ಒತೀಲಿಯಾಗೆ ಹೇಳಲಿಲ್ಲ.

ಕೊಯ್ಲಿನ ಹೊತ್ತಿಗೆ ತಲೆನೋವು ಶುರುವಾಯಿತು. “ಬಿಸಿಲು ಕಣೋ,” ಎಂದ ಹೆರ್ಮೆಲಿಂದೊ. ಆಮೇಲೊಂದು ದಿನ ಮರಗಳ ಸಾಲಿನ ನಡುವೆ ನಿಂತು ನಿಕಾನೋರ್ ಕೇಳಿದ: “ಭಾವ, ಇದು ಯಾವೂರು?” ಆಗ ಯಾರೂ ನಗಲಿಲ್ಲ.

ರೋಗ ಮಿದುಳಿನ ಪೊರೆಗೆ ಏರಿತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಕಳೆದು ಅವನ ಬುದ್ಧಿ ತಿಳಿಯಾದಾಗ ಡಾಕ್ಟರಮ್ಮ ಕೇಳಿದರು, “ಮಾತ್ರೆ ತಪ್ಪಿಸಿದ್ರಾ?”

“ನಾನೇ ಬಿಟ್ಟೆ. ಯಾರೂ ಹೇಳ್ಲಿಲ್ಲ.” ಬಾಗಿಲಲ್ಲಿ ನಿಂತಿದ್ದ ಹೆರ್ಮೆಲಿಂದೊನ ಕಡೆ ಅವನು ನೋಡಲೂ ಇಲ್ಲ.

“ಕೇಳಿದಾಗೆಲ್ಲ ತಗೊಂಡೆ ಅಂದ್ಯಲ್ಲ!” ಹಾಸಿಗೆಯ ಪಕ್ಕದಲ್ಲಿದ್ದ ಒತೀಲಿಯಾ ಗಂಡನ ಮೇಲೆ ಸಿಡಿದಳು. “ಮಕ್ಕಳ ನೆನಪೂ ಬರ್ಲಿಲ್ವಾ ನಿಂಗೆ?”

ಹೆರ್ಮೆಲಿಂದೊ ಸುಮ್ಮನೆ ಹೊರಟುಬಿಡಬಹುದಿತ್ತು. ಆದರೆ ಒಳಗೆ ಬಂದ.

“ಅವನನ್ನ ಬೈಬೇಡ. ಬಿಡು ಅಂದವನು ನಾನು. ಎಲ್ಲರ ಮುಂದೆ ಆಡ್ಕೊಂಡೆ.”

“ಯಾಕಣ್ಣಾ?”

“ಮೇಸ್ತ್ರಿ ಮನೆಯವನೇ ರೋಗಿಷ್ಠ ಅಂತ ನಂಗೇ ನಾಚಿಕೆ ಆಗ್ತಿತ್ತು.”

ಇನ್ನು ಜೀವಮಾನವಿಡೀ ಮಾತ್ರೆ ನುಂಗಬೇಕು ಎಂದು ಡಾಕ್ಟರಮ್ಮ ಹೇಳಿ ಹೋದರು.

“ಮಕ್ಕಳನ್ನ ಶಾಲೆಯಿಂದ ಕರ್ಕೊಂಡು ಬರ್ತೀನಿ,” ಎಂದಳು ಒತೀಲಿಯಾ. “ಅಲ್ಲೀವರೆಗೆ ಇವನ ಹತ್ರ ಕೂತಿರು. ಕ್ಷಮಿಸಿದೀನಿ ಅಂತ ಮಾತ್ರ ತಿಳ್ಕೋಬೇಡ.”

ಮರುದಿನ ತೋಟದಲ್ಲಿ ಹೆರ್ಮೆಲಿಂದೊ ನಡೆದದ್ದನ್ನೆಲ್ಲ ಆಳುಗಳಿಗೆ ಹೇಳಿದ. ತಲೆ ಎತ್ತಲಾಗಲಿಲ್ಲ. ಎಲ್ಲರೂ ಚದುರಿದ ಮೇಲೂ ಮುದುಕ ಫಿದೆನ್ಸಿಯೊ ನಿಂತೇ ಇದ್ದ. ತೋಳಿಗೆ ಬಾಯೊತ್ತಿ ಕೆಮ್ಮಿದ.

“ಎಷ್ಟು ದಿನದಿಂದ ತಾತ?”

“ತಿಂಗಳು ದಾಟ್ತು.”

“ಹೇಳಬಾರದಿತ್ತಾ?”

“ನಿನ್ನ ಬಾಯಿಗೆ ಹೆದರಿದ್ದೆ, ಮೇಸ್ತ್ರಿ.”

ಹೆರ್ಮೆಲಿಂದೊ ಗಾಡಿಯ ಬಾಗಿಲು ತೆರೆದು, ಮುದುಕನ ಕೈಹಿಡಿದು ಹತ್ತಿಸಿ, ಕೆಲಸವನ್ನು ಹಾಗೇ ಬಿಟ್ಟು ಆಸ್ಪತ್ರೆಯ ದಾರಿ ಹಿಡಿದ.