ಐದು ಲೋಟ ಹಾಲು

ಅನನ್ಯಳ ತುಟಿಗೆ ಸುಣ್ಣ ಅಂಟಿತ್ತು. ತಿರುವನಂತಪುರದಿಂದ ಬೆಳಗಿನ ರೈಲು ಹಿಡಿದು ಕಳಮಶ್ಶೇರಿಯ ಅಕ್ಕನ ಮನೆಗೆ ಬಂದವಳು ನಾನಿನ್ನೂ ಬ್ಯಾಗು ಕೂಡ ಇಳಿಸಿರಲಿಲ್ಲ. ಅಕ್ಕನ ನಾಲ್ಕು ವರ್ಷದ ಮಗಳು ಕಿಟಕಿಯ ಕೆಳಗೆ ಕೂತು ಉಗುರಿನಿಂದ ಗೋಡೆ ಕೆರೆದು ನೆಕ್ಕುತ್ತಿದ್ದಳು.

"ಅಯ್ಯೋ, ಎಂತ ತಿನ್ನುವುದು ಪುಟ್ಟಿ? ಬಾ, ಚಿಕ್ಕಮ್ಮನ ಒಟ್ಟಿಗೆ ಆಡುವ."

"ವಯ್ಯ," ಎಂದಳು. ಆಗುವುದಿಲ್ಲವಂತೆ. ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಮಲಯಾಳದಲ್ಲೇ. ಓಣಂ ರಜೆಯಲ್ಲಿ ನನ್ನ ಬೆನ್ನೇರಿ ಕುದುರೆ ಓಡಿಸಿದವಳು ಈಗ ಎದ್ದು ನಿಲ್ಲಲು ಗೋಡೆ ಹಿಡಿಯುತ್ತಿದ್ದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇರಲಿಲ್ಲ.

"ಅಕ್ಕಾ, ಇವಳಲ್ಲಿ ರಕ್ತವೇ ಇಲ್ಲವಲ್ಲ!"

ಅಡುಗೆಮನೆಯಲ್ಲಿದ್ದ ಸೌದಾಮಿನಿ ಅಕ್ಕ ಬಾಯಿ ತೆರೆಯುವ ಮೊದಲೇ ಭಾವ ಪೇಪರು ಮಡಿಸಿದರು. ಹರಿನಾರಾಯಣ ಭಾವ ಎರ್ನಾಕುಳಂನಲ್ಲಿ ವಕೀಲರು. ಮನೆಯಲ್ಲಿ ವಾದವೂ ಅವರದೇ, ತೀರ್ಪೂ ಅವರದೇ.

"ಕ್ಯಾಲ್ಸಿಯಂ ಕಮ್ಮಿ ರಮ್ಯಾ, ಅದಕ್ಕೇ ಸುಣ್ಣ ತಿನ್ನುವುದು. ಮೂರು ಲೋಟ ಹಾಲು ಇದ್ದದ್ದನ್ನು ಐದು ಮಾಡಿದ್ದೇನೆ. ನಮ್ಮ ಮನೆಯ ಮಕ್ಕಳಿಗೆ ಹಾಲಿಗಿಂತ ಬೇರೆ ಎಂತ ಬೇಕು?"

"ಊಟ ಬೇಡವಾ?"

"ಅಷ್ಟು ಹಾಲು ಕುಡಿದ ಮೇಲೆ ಹೊಟ್ಟೆಯಲ್ಲಿ ಜಾಗ ಎಲ್ಲುಂಟು?" ಅಕ್ಕ ಒಳಗಿನಿಂದಲೇ ಹೇಳಿದಳು. "ಎರಡು ತುತ್ತು ಮೊಸರನ್ನ ಹೋದರೆ ಹೋಯಿತು."

"ಡಾಕ್ಟರಿಗೆ ತೋರಿಸಲಿಲ್ವಾ?"

ಭಾವನ ಸ್ವರ ಏರಿತು. "ತೋರಿಸದೆ? ಎರಡು ವಾರ ಆಯ್ತು. ಆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದಳು, ಬಾಯಿ ತೆಗೆದದ್ದೇ ಮೊಟ್ಟೆ ಕೊಡಿ ಅಂದಳು. ನಾವು ಎಂತ ತಿನ್ನುವವರು ಅಂತ ಒಂದು ಮಾತು ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಎದ್ದು ಬಂದೆ. ನರ್ಸು ಹಿಂದೆಯೇ ಓಡಿ ಬಂದು ಚೀಟಿ ಕೈಗೆ ತುರುಕಿದಳು. ನಾನೆಂತ ಮೊಟ್ಟೆ ತಿಂದು ವಕೀಲನಾದದ್ದಾ?"

ನಾನು ಕೈ ಚಾಚಿದೆ. "ಆ ಚೀಟಿ ಎಲ್ಲುಂಟು?"

ಕರಿ ಕೋಟಿನ ಜೇಬಿನಲ್ಲಿ ನಾಲ್ಕಾಗಿ ಮಡಿಸಿಟ್ಟಿದ್ದರು. ಮುಂಬದಿಯಲ್ಲಿ ಹಿಮೋಗ್ಲೋಬಿನ್ ಏಳು, ದಿನಕ್ಕೊಂದು ಮೊಟ್ಟೆ. ಅದರ ಕೆಳಗೆ ಪುಟ ತಿರುಗಿಸಿ ಎಂದು ಒಂದು ಬಾಣದ ಗುರುತು. ತಿರುಗಿಸಿದೆ. ಹಿಂಬದಿ ತುಂಬಾ ಬರೆದಿತ್ತು. ಇಂಗ್ಲಿಷಿನಲ್ಲಿದ್ದದ್ದನ್ನು ಅಕ್ಕನಿಗೆ ಕೇಳಲೆಂದೇ ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ.

"ಮೊಟ್ಟೆ ತಿನ್ನದ ಮನೆಯಾದರೆ ಹೆಸರುಕಾಳು, ಕಡಲೆ, ಕೆಂಪು ಹರಿವೆ ಸೊಪ್ಪು. ಜೊತೆಗೆ ನಿಂಬೆ ರಸ ಇಲ್ಲವೇ ನೆಲ್ಲಿಕಾಯಿ. ಕಬ್ಬಿಣಾಂಶದ ಸಿರಪ್ ಇವತ್ತಿನಿಂದಲೇ. ಸುಣ್ಣ ತಿನ್ನುವುದು ರಕ್ತ ಕಡಿಮೆಯಾದ್ದರಿಂದ. ಹಾಲು ಹೆಚ್ಚಾದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ದಿನಕ್ಕೆ ಎರಡು ಲೋಟ ಮೀರಬಾರದು." ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು.

"ಹಾಲು ಕುಡಿದು ಕೆಟ್ಟವರು ಉಂಟಾ?" ಎಂದರು ಭಾವ. ಸ್ವರ ಮಾತ್ರ ಇಳಿದಿತ್ತು.

"ನಾನು ತಿರುವನಂತಪುರದಲ್ಲಿ ರೂಮು ಹಿಡಿಯುವಾಗ ಎಂತ ಹೇಳಿದ್ದಿರಿ ಭಾವ? ಹಿಂಬದಿ ಓದದೆ ಯಾವ ಕಾಗದಕ್ಕೂ ಸೈನ್ ಹಾಕಬೇಡ ಅಂತ! ಮೊಟ್ಟೆ ಅಂತ ಕಂಡ ಕೂಡಲೇ ಓದಲಿಕ್ಕೆ ಮರೆತುಹೋಯ್ತಾ?"

ಅಕ್ಕ ಹೊರಗೆ ಬಂದಳು. ಅವಳ ಕೈಯಲ್ಲಿ ಮಗುವಿನ ಹನ್ನೊಂದು ಗಂಟೆಯ ಹಾಲಿನ ಲೋಟವಿತ್ತು.

"ನನಗೆ ಎಂತ ಹೇಳಿದಿರಿ ನೀವು? ಡಾಕ್ಟರು ಮೊಟ್ಟೆ ಬಿಟ್ಟು ಬೇರೆ ಎಂತದ್ದೂ ಹೇಳಲಿಲ್ಲ ಅಂತ. ಎದುರು ಪಾರ್ಟಿಯ ಕಾಗದ ಮೂರು ಮೂರು ಸಲ ಓದುತ್ತೀರಿ. ಮಗಳದ್ದು ಒಂದು ಸಲ ಮಗುಚಿ ನೋಡಲಿಕ್ಕೆ ಆಗಲಿಲ್ಲವಾ? ಹದಿನಾಲ್ಕು ದಿವಸ ನನ್ನ ಕೈಯಿಂದಲೇ ಅವಳಿಗೆ ಇದನ್ನು ಕುಡಿಸಿದಿರಿ."

ಲೋಟವನ್ನು ಅವರ ಮುಂದೆ ಕುಕ್ಕಿದಳು. ಹಾಲು ಪೇಪರಿನ ಮೇಲೆ ಚೆಲ್ಲಿತು. "ಇನ್ನು ನೀವೇ ಕುಡಿಯಿರಿ."

ಭಾವ ಕುಡಿಯಲಿಲ್ಲ. ಚೀಟಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಮೆಡಿಕಲ್ ಶಾಪಿಗೆ ಹೊರಟರು. ನನಗೆ ಪಾಪ ಅನಿಸಲಿಲ್ಲ, ಒಂದಿಷ್ಟೂ.

ಉಸಲಿಗೆಂದು ನೆನೆಹಾಕಿದ್ದ ಹೆಸರುಕಾಳನ್ನು ಅಕ್ಕ ಬೇಯಿಸಿ, ಮಸೆದು, ನಿಂಬೆಹುಳಿ ಹಿಂಡಿದಳು. ಅನನ್ಯ ಮುಖ ತಿರುಗಿಸಿ "ಪಾಲ್" ಎಂದು ಹಾಲು ಕೇಳಿ ಅತ್ತಳು. ನಾನು ಕಾಗೆ ತೋರಿಸಿದೆ, ಬಸ್ಸು ತೋರಿಸಿದೆ, ಕೊನೆಗೆ ಕುದುರೆಯೂ ಆದೆ. ಮೂರು ಚಮಚ ಒಳಗೆ ಹೋಯಿತು. ನಾಲ್ಕನೆಯದನ್ನು ನನ್ನ ಅಂಗಿಗೆ ಉಗಿದಳು.

ಅಷ್ಟರಲ್ಲಿ ಭಾವ ಬೆವರುತ್ತಾ ಬಂದರು. ಸಿರಪ್ಪಿನ ಪೆಟ್ಟಿಗೆಯನ್ನು ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ಓದುತ್ತಿದ್ದರು.

"ಇಲ್ಲಿ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಎಂತದ್ದೋ ಉಂಟು..."

ಅಕ್ಕ ಪೆಟ್ಟಿಗೆ ಕಸಿದುಕೊಂಡಳು. "ಇನ್ನು ನಾನು ಓದುತ್ತೇನೆ. ನೀವು ಚಮಚ ತನ್ನಿ."