ಹನ್ನೊಂದು ಸಲ ನೀರು

ಮಗಳು ಅಮ್ಮನ ಬೆರಳುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾಗ ವಿಮರ್ಶಕರು ಬಂದು ತಲೆದೆಸೆಯಲ್ಲಿ ನಿಂತರು. ಹಗಲೆಲ್ಲ ಕಚೇರಿಯ ಪತ್ರ, ಸಂಜೆಗೆ ಗಂಡನ ಕಾದಂಬರಿ, ಹೀಗೆ ನಲವತ್ತು ವರ್ಷ ಟೈಪು ಮಾಡಿ ಮಾಡಿ ಆ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ವಿಮರ್ಶಕರ ಕಣ್ಣು ಅತ್ತ ಹೋಗಲಿಲ್ಲ.

"ಸರ್, ನಿಮ್ಮ ಕಾದಂಬರಿಯ ಆ ಏಳನೇ ಅಧ್ಯಾಯ ಓದಿ," ಎಂದರು ಅಪ್ಪನಿಗೆ. "ಇಪ್ಪತ್ತು ಪುಟ, ಒಂದು ಪೂರ್ಣವಿರಾಮ ಇಲ್ಲ. ಪ್ರಜ್ಞಾಪ್ರವಾಹ ಅಂದ್ರೇನು ಅಂತ ನಮ್ಮೋರಿಗೆ ತಿಳಿದಿದ್ದೇ ಅದ್ರಿಂದ. ಅಮ್ಮನವರಿಗೆ ಇದಕ್ಕಿಂತ ಗೌರವ ಇನ್ನೇನಿದೆ?"

ಅಪ್ಪ ಬೇಡವೆನ್ನಲಿಲ್ಲ. ಪುಸ್ತಕ ಕೋಟಿನ ಜೇಬಿನಲ್ಲೇ ಇತ್ತು. ಹೆಂಡತಿ ಸತ್ತ ಬೆಳಿಗ್ಗೆ ನೆನಪಿಟ್ಟು ಜೇಬಿಗೆ ಹಾಕಿಕೊಂಡಿದ್ದಾನೆ, ಪುಣ್ಯಾತ್ಮ.

"ಏನಿದೆ ಅದ್ರಲ್ಲಿ?" ಪಕ್ಕದ ಮನೆಯ ನರ್ಸಮ್ಮ ಕೇಳಿದರು.

"ಜ್ವರ ಬಂದಿರೋ ಹೆಂಗಸಿನ ಮನಸ್ಸು. ನೀರು ಅನ್ನೋದು ಹನ್ನೊಂದು ಸಲ ಬರುತ್ತೆ. ನೀರು ಅಂದ್ರೆ ಕಾಲ," ವಿಮರ್ಶಕರೇ ಹೇಳಿದರು.

"ಬಾಯಾರಿರ್ಬೇಕು ಪಾಪ," ಎಂದರು ನರ್ಸಮ್ಮ.

ವಿಮರ್ಶಕರು ಮಕ್ಕಳ ಮಾತಿಗೆ ನಗುವ ಹಾಗೆ ನಕ್ಕರು. ಮಗಳು ಬಟ್ಟೆಯನ್ನು ಮತ್ತೆ ನೀರಿನಲ್ಲಿ ಅದ್ದಿ ಹಿಂಡಿದಳು.

*

ಆಗ ಅವಳಿಗೆ ಒಂಬತ್ತು ವರ್ಷ. ಹುಟ್ಟಿದ ಮೂರನೇ ದಿನಕ್ಕೆ ತಮ್ಮ ತೀರಿಕೊಂಡು, ಅಮ್ಮನಿಗೆ ಕೆಂಡದಂಥ ಜ್ವರ ಬಂದಿತ್ತು. ಸತ್ತ ಕೂಸಿನ ಜೊತೆ, ಅಜ್ಜಿಯ ಜೊತೆ, ಕಚೇರಿಯ ಸಾಹೇಬರ ಜೊತೆ ಒಂದೇ ಉಸಿರಿಗೆ ಮಾತಾಡುತ್ತಿದ್ದಳು. ನಡುನಡುವೆ, "ನೀರು ಕೊಡ್ರೀ" ಎನ್ನುತ್ತಿದ್ದಳು. ಅಪ್ಪ ಮಂಚದ ಪಕ್ಕ ಕೂತು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದ. ಉರಿಯುವ ಮನೆಯಲ್ಲಿ ಗಳ ಹಿರಿಯುವುದೆಂದರೆ ಇದೇ. ಮಗಳು ಲೋಟ ಹಿಡಿದು ಬಾಗಿಲಿಗೆ ಬಂದಾಗ ತಲೆಯನ್ನೂ ಎತ್ತದೆ ಎಡಗೈ ಅಡ್ಡ ಚಾಚಿದ.

"ಈಗ ಬೇಡ. ಕುಡಿದ್ರೆ ಮಾತು ನಿಂತುಬಿಡುತ್ತೆ."

ಅವಳು ಲೋಟವನ್ನು ವಾಪಸು ಅಡುಗೆಮನೆಗೆ ಒಯ್ದಳು. ಅಪ್ಪನ ಮೇಲಿನ ಹೇಸಿಗೆ ಹಳೆಯದಾಗಿ ಅಭ್ಯಾಸವಾಯಿತು. ತಾನು ವಾಪಸು ನಡೆದ ಆ ಹತ್ತು ಹೆಜ್ಜೆಗಳ ಹೇಸಿಗೆ ಮಾತ್ರ ಇವತ್ತಿಗೂ ಹಳೆಯದಾಗಿಲ್ಲ.

ಆರು ತಿಂಗಳ ಮೇಲೆ ಆ ಅಧ್ಯಾಯವನ್ನು ಟೈಪು ಮಾಡಿದ್ದೂ ಅಮ್ಮನೇ. ಜ್ವರದಲ್ಲಿ ಆಡಿದ್ದೊಂದೂ ಅವಳಿಗೆ ನೆನಪಿರಲಿಲ್ಲ. ಅಧ್ಯಾಯದಲ್ಲಿ ಕೂಸನ್ನು ಅಪ್ಪ ಬೆಕ್ಕಿನಮರಿ ಮಾಡಿಬಿಟ್ಟಿದ್ದ.

"ಒಬ್ರಾದ್ರೂ ಈ ಹೆಂಗಸಿಗೆ ನೀರು ಕೊಡಬಾರದಾ?" ಎನ್ನುತ್ತ ಅಮ್ಮ ಹಾಳೆ ಬದಲಿಸಿದ್ದಳು. ಮಗಳು ಆಗಲೂ ಬಾಯಿಬಿಡಲಿಲ್ಲ, ಆಮೇಲೂ ಬಿಡಲಿಲ್ಲ.

*

ಅಪ್ಪ ಹೆಣದ ಪಕ್ಕ ಕುರ್ಚಿ ಹಾಕಿಕೊಂಡು ಓದತೊಡಗಿದ. ಬಂದವರು ಕಣ್ಣುಮುಚ್ಚಿ ತಲೆದೂಗಿದರು. ನಾಲ್ಕನೇ ಪುಟಕ್ಕೆ ಗಂಟಲು ಒಣಗಿ ಕೆಮ್ಮು ಬಂತು. ಪುಟದಿಂದ ಕಣ್ಣು ತೆಗೆಯದೆ ಎಡಗೈಯನ್ನು ಮಗಳ ಕಡೆ ಚಾಚಿದ.

"ಸ್ವಲ್ಪ ನೀರು ತಗೊಂಬಾಮ್ಮ."

ಅವಳು ಒಳಗೆ ಹೋಗಿ ಲೋಟದ ತುಂಬ ನೀರು ತುಂಬಿಸಿಕೊಂಡಳು. ಹತ್ತು ಹೆಜ್ಜೆ ನಡೆದು ಬಂದಳು. ಅಪ್ಪನ ಕೈಯನ್ನು ದಾಟಿ ಹೋಗಿ ಲೋಟವನ್ನು ಅಮ್ಮನ ತಲೆದಿಂಬಿನ ಪಕ್ಕ, ತುಟಿಗೆ ಹತ್ತಿರದಲ್ಲಿ, ಒಂದು ಹನಿಯೂ ಚೆಲ್ಲದಂತೆ ಇಟ್ಟಳು.