ಲಾಯರಮ್ಮನಿಗೊಂದು ಮನೆ

ಚಿಕ್ಕಮ್ಮನ ಮನೆಯ ಕೆಳಮಹಡಿಯಲ್ಲಿ ಬೆಕ್ಕುಗಳೇ ಬಿಡಾರ ಹೂಡಿದ್ದವು. ಊರು ಬಿಡುವವರು, ಕೂಸು ಹುಟ್ಟಿದ ಮೇಲೆ ಬೆಕ್ಕು ಭಾರವಾದವರು, ಸತ್ತವರ ಬೆಕ್ಕನ್ನು ಏನು ಮಾಡಬೇಕೆಂದು ತಿಳಿಯದ ನೆಂಟರು ತಂದು ಬಿಟ್ಟು ಹೋಗುತ್ತಿದ್ದರು. ಅವಕ್ಕೆ ಹೊಸ ಮನೆ ನೋಡಿ ದಾಟಿಸುವುದು ಚಿಕ್ಕಮ್ಮನ ಕಸುಬು. ಮದುವೆ ಕುದುರಿಸುವವರಿಗಿಂತ ತಾನೇನೂ ಕಡಿಮೆಯಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಬಂದವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಬೆಕ್ಕಿನ ಬಾಲವನ್ನೂ ತೋರಿಸದೆ, ಅದೂ ಇದೂ ಮಾತಾಡಿಸಿ ಅವರ ಸ್ವಭಾವ ಅಳೆಯುತ್ತಿದ್ದಳು. ಹಾರಾಡುವ ಜನಕ್ಕೆ ಹಾರಾಡುವ ಬೆಕ್ಕು, ಮಾತಿನ ಮಲ್ಲರಿಗೆ ಮಾತಿನ ಬೆಕ್ಕು, ಬಾಯಿ ಬಿಡದವರಿಗೆ ಬಾಯಿ ಬಿಡದ್ದು. ಇದು ಅವಳ ಸೂತ್ರ.

ಅವಳಿಗೆ ಸಹಾಯಕ್ಕಿದ್ದವಳು ಅಕ್ಕನ ಮಗಳು. ಡಿಗ್ರಿ ಮುಗಿಸಿ, ಸಂದರ್ಶನಕ್ಕೆ ಹೋದಲ್ಲೆಲ್ಲ ನಾಲಿಗೆ ಅಂಗುಳಿಗೆ ಅಂಟಿಕೊಂಡು ವಾಪಸಾಗಿ, ಈಗ ಇಲ್ಲಿ ಬೆಕ್ಕುಗಳ ಕಕ್ಕಸಿನ ಮರಳಿನ ತಟ್ಟೆ ಬದಲಿಸುತ್ತ, ಅವುಗಳ ಮೈ ಬಾಚುತ್ತ ಇದ್ದಳು. ಚಿಕ್ಕಮ್ಮ ಅವಳಿಗಿಟ್ಟ ಹೆಸರು ಮೌನಗೌರಿ. ಅದಕ್ಕೆ ಅವಳು ಕೋಪಿಸಿಕೊಳ್ಳುತ್ತಿರಲಿಲ್ಲ. ಕೋಪಿಸಿಕೊಂಡರೆ ಏನಾದರೂ ಹೇಳಬೇಕಾಗುತ್ತದಲ್ಲ.

ಆಗ ಅಲ್ಲಿ ಮೂರು ಬೆಕ್ಕುಗಳದೇ ದರ್ಬಾರು. ಚುಕ್ಕೆ ಮೈಯ ಬೆಂಗಾಲ್ ತಳಿಯ ಬೆಕ್ಕು ಚಿಲಕ ತೆಗೆಯುವುದರಲ್ಲಿ ಎತ್ತಿದ ಕೈ, ಅವನು ಕಳ್ಳ. ಚಪ್ಪಟೆ ಮುಖದ, ದಿಂಬಿನಂಥ ಪರ್ಷಿಯನ್, ಜಮೀನ್ದಾರ. ಕಪ್ಪು ಮೂತಿ, ನೀಲಿ ಕಣ್ಣಿನ ಸಯಾಮೀಸ್ ಬೆಳಗಾದರೆ ಸಾಕು, ವಾದಕ್ಕೆ ನಿಲ್ಲುತ್ತಿದ್ದಳು. ಅವಳು ಲಾಯರಮ್ಮ.

ಒಮ್ಮೆ ಚಿಕ್ಕಮ್ಮ ಮೀನಿನ ತುಂಡುಗಳ ಮೇಲೆ ಬಟ್ಟಲು ಬೋರಲು ಹಾಕಿ ಯಾರು ಜಾಣರೆಂದು ಪರೀಕ್ಷೆ ಮಾಡಿದಳು. ಕಳ್ಳ ಒಂದೇ ಏಟಿಗೆ ಬಟ್ಟಲು ಮಗುಚಿದ. ಲಾಯರಮ್ಮ ಬಟ್ಟಲನ್ನು ಮೂಸಲೂ ಇಲ್ಲ. ನೆಟ್ಟಗೆ ಹುಡುಗಿಯ ಕಾಲ ಬಳಿ ಬಂದು, ಅವಳು ಎದ್ದು ಬಂದು ಎತ್ತಿಕೊಡುವ ತನಕ ವಾದಿಸಿದಳು. ಜಮೀನ್ದಾರ ಬಟ್ಟಲಿನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತ. ನೋಡಲಾರದೆ ಚಿಕ್ಕಮ್ಮನೇ ಎತ್ತಿದಳು. ಕಳ್ಳನೇ ಜಾಣ ಎಂದು ತೀರ್ಪಾಯಿತು. ಮೂವರ ಹೊಟ್ಟೆಯೂ ತುಂಬಿತಲ್ಲ, ಅಂದುಕೊಂಡಳು ಹುಡುಗಿ. ಬಟ್ಟಲುಗಳನ್ನು ತೊಳೆಯಲು ಒಯ್ದಳು.

ಲಾಯರಮ್ಮನನ್ನು ಆಗಲೇ ಎರಡು ಮನೆಯವರು ವಾಪಸ್ ತಂದಿದ್ದರು. ತಲೆ ತಿನ್ನುತ್ತಾಳೆ ಎಂಬುದು ಒಬ್ಬರ ದೂರಾದರೆ, ತಲೆಯ ಜೊತೆ ಉಣ್ಣೆಯ ಶಾಲನ್ನೂ ತಿಂದಳು ಎಂಬುದು ಇನ್ನೊಬ್ಬರದು. ಮೂರನೇ ಸಲ ಬಂದರೆ ಊರಾಚೆಯ ಪ್ರಾಣಿ ಆಶ್ರಯದ ಸಾಲು ಪಂಜರಗಳೇ ಗತಿ. ಇಲ್ಲಿ ಜಾಗವಿದ್ದದ್ದೇ ಅಷ್ಟು. ಹುಡುಗಿಗೆ ಈ ಯೋಚನೆ ಬಂದಾಗೆಲ್ಲ ಅನ್ನ ಸೇರುತ್ತಿರಲಿಲ್ಲ. ಮೈ ಬಾಚುವಾಗ ಲಾಯರಮ್ಮನದೊಂದು ಕೂಗು, ಅವಳದೊಂದು ಮಾತು. ಮನುಷ್ಯರ ಮುಂದೆ ಹೊರಡದ್ದೆಲ್ಲ ಅಲ್ಲಿ ಸರಾಗವಾಗಿ ಹೊರಡುತ್ತಿತ್ತು. ತಾನೇ ಸಾಕೋಣವೆಂದರೆ ಮನೆಯಲ್ಲಿ ಬೆಕ್ಕು ಕಾಲಿಟ್ಟರೆ ಸಾಕು, ಅವಳ ತಾಯಿಗೆ ಉಬ್ಬಸ.

ಈ ನಡುವೆ ಗಡಿಯಾರ ರಿಪೇರಿಯವರೊಬ್ಬರು ಬೆಕ್ಕು ಕೇಳಿಕೊಂಡು ಬಂದರು. ಕಿವಿಯ ಮೇಲೆ ನರೆ ಮೂಡಿದ ಒಂಟಿ ಮನುಷ್ಯ. ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಚಿಕ್ಕಮ್ಮ ಕುರ್ಚಿಯ ಪರೀಕ್ಷೆಯನ್ನು ಬೇಗನೆ ಮುಗಿಸಿ ಜಮೀನ್ದಾರನನ್ನು ಅವರ ಕೈಗಿತ್ತಳು.

ಜಮೀನ್ದಾರನ ಜೊತೆ ಕಳಿಸಲು ಮರೆತಿದ್ದ ಬಾಚಣಿಗೆ ಕೊಡಲು ಹುಡುಗಿ ಅವರ ಅಂಗಡಿಗೆ ಹೋದಳು. ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡಂತಿದ್ದ ಗೂಡು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವರು ಬೆನ್ನು ಬಗ್ಗಿಸಿ ಕೂತಿದ್ದರು. ಬಾಗಿಲಲ್ಲೇ ಅವಳು ನಿಂತುಬಿಟ್ಟಳು. "ಏನಮ್ಮಾ, ಸುಸ್ತಾಯ್ತಾ? ಎಲ್ಲಿ ಹಿಡ್ಕೊಂಡಿದೆ ಹೇಳು," ಎಂದು ಅವರು ಒಂದು ಹಳೆಯ ಕೈಗಡಿಯಾರವನ್ನು ಕೇಳುತ್ತಿದ್ದರು. ಕೇಳಿ, ತುಸು ಹೊತ್ತು ಕಾದು, ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಜಮೀನ್ದಾರನ ಕಡೆ ನೋಡಿದರು. ಅಲ್ಲಿಂದಲೂ ಉತ್ತರವಿಲ್ಲ. ಇವರು ಮೌನಿಯಲ್ಲ, ನನ್ನಂಥವರು ಎಂದು ಹುಡುಗಿಗೆ ಹೊಳೆಯಿತು. ವಾಪಸು ಬಂದು ಚಿಕ್ಕಮ್ಮನಿಗೆ ಹೇಳಹೋದಳು, ಚಿಕ್ಕಮ್ಮ ಫೋನಿನಲ್ಲಿದ್ದಳು, ಅವಳು ತಟ್ಟೆ ತೊಳೆಯಲು ಹೋದಳು.

ಆ ಫೋನು ಲಾಯರಮ್ಮನ ಕುರಿತೇ ಆಗಿತ್ತು. ಮೊನ್ನೆ ಕುರ್ಚಿಯಲ್ಲಿ ಕೂತು ಹೋಗಿದ್ದ ಗಂಡ ಹೆಂಡತಿ ಇಬ್ಬರೂ ಬಾಯಿ ತುಂಬ ಮಾತಾಡುವವರು, ಹೇಳಿ ಮಾಡಿಸಿದ ಜೋಡಿ ಎಂದು ಚಿಕ್ಕಮ್ಮ ಹಿಗ್ಗಿದಳು. ವಾರ ಕಳೆದು ಬಂದು ಕರೆದೊಯ್ಯುವುದೆಂದು ಮಾತಾಯಿತು. ಆದರೆ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಟರೆ ಮನೆಗೆ ಬರುವುದು ಸಂಜೆಗೆ. ಬೀಗ ಹಾಕಿದ ಮನೆಯಲ್ಲಿ ಲಾಯರಮ್ಮ ಯಾರೆದುರು ವಾದಿಸುತ್ತಾಳೆ? ಗಂಟಲು ಹರಿಯುವ ಹಾಗೆ ಕೂಗುತ್ತಾಳೆ, ಅಕ್ಕಪಕ್ಕದವರು ದೂರು ಕೊಡುತ್ತಾರೆ, ಮತ್ತೆ ಬುಟ್ಟಿಯಲ್ಲಿ ವಾಪಸು, ಆಮೇಲೆ ಪಂಜರ. ಬೆಕ್ಕಿಗೆ ಗಂಟೆ ಕಟ್ಟುವುದಾದರೂ ಸುಲಭ. ಚಿಕ್ಕಮ್ಮನ ಸೂತ್ರ ತಪ್ಪೆಂದು ಚಿಕ್ಕಮ್ಮನಿಗೇ ಹೇಳುವವರು ಯಾರು?

ಆ ಗಂಡ ಹೆಂಡತಿ ಬರಬೇಕಿದ್ದ ದಿನ ಮಧ್ಯಾಹ್ನ ಗಡಿಯಾರದವರು ಜಮೀನ್ದಾರನನ್ನು ಎತ್ತಿಕೊಂಡು ಬಂದರು. ತಪ್ಪು ಮಾಡಿದವರಂತೆ ಬಾಗಿಲಲ್ಲೇ ನಿಂತರು.

"ಇವನದೇನೂ ತಪ್ಪಿಲ್ಲ. ಕೂದಲು. ಒಂದೆಳೆ ಚಕ್ರಕ್ಕೆ ಸಿಕ್ಕಿದ್ರೆ ಗಡಿಯಾರ ನಿಂತುಹೋಗುತ್ತೆ. ನನಗೆ ಬೆಕ್ಕಿನ ಯೋಗ ಇಲ್ಲ, ಬಿಡಿ."

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ಸ್ವಭಾವ ನೋಡುವ ಭರದಲ್ಲಿ ತುಪ್ಪಳವನ್ನೇ ನೋಡಲಿಲ್ಲವಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು. ಅವರು ಆಗಲೇ ಹೊರಡಲು ತಿರುಗಿದ್ದರು. ಹುಡುಗಿ ಕೈಯಲ್ಲಿದ್ದ ಮರಳಿನ ತಟ್ಟೆಯನ್ನು ಕೆಳಗಿಟ್ಟಳು.

"ಲಾಯರಮ್ಮನನ್ನ ಇವರಿಗೆ ಕೊಡಿ, ಚಿಕ್ಕಮ್ಮ."

ಚಿಕ್ಕಮ್ಮ ಸುತ್ತ ನೋಡಿದಳು, ಯಾರು ಮಾತಾಡಿದ್ದೆಂದು. "ನೀನೊಬ್ಬಳು. ಅದರ ಬಾಯಿಗೆ ಇವರು ಅಂಗಡಿ ಬಿಟ್ಟು ಓಡಿಹೋಗ್ತಾರೆ ಕಣೆ. ಪಾಪ, ಮಾತೇ ಆಡದವರು."

"ಆಡ್ತಾರೆ. ಗಡಿಯಾರದ ಹತ್ರ ಆಡ್ತಾರೆ. ಅವು ಉತ್ತರ ಕೊಡಲ್ಲ. ಇವಳು ಕೊಡ್ತಾಳೆ. ಕೂದಲೂ ಗಿಡ್ಡ." ಅವಳು ಉಸಿರೆಳೆದುಕೊಂಡಳು. "ಸಂಜೆ ಬರೋರ ಮನೆಗೆ ಹಗಲೆಲ್ಲ ಬೀಗ. ಇವಳು ಗೋಡೆ ಜೊತೆ ವಾದ ಮಾಡ್ಬೇಕು. ಜಮೀನ್ದಾರ ಆದ್ರೆ ಹಗಲು ಮಲಗಿ, ಸಂಜೆ ಅವರ ಮಾತು ಕೇಳಿಸ್ಕೊಳ್ತಾನೆ."

ಗಡಿಯಾರದವರ ಕಿವಿಗಳು ಕೆಂಪಾದವು. ಇಲ್ಲವೆನ್ನಲಿಲ್ಲ. ಚಿಕ್ಕಮ್ಮ ಕುರ್ಚಿ ತೋರಿಸಿದಳು. ಈ ಸಲ ಬೆಕ್ಕನ್ನೂ ಬಿಟ್ಟಳು. ಲಾಯರಮ್ಮ ಅವರ ಸುತ್ತ ಒಂದು ಸುತ್ತು ಬಂದು, ಎದುರಿನ ಮೇಜು ಹತ್ತಿ ಮುಖಕ್ಕೆ ಮುಖ ಕೊಟ್ಟು ಕೂಗಿದಳು. ಅವರು ಹುಡುಗಿಯ ಕಡೆ ನೋಡಿದರು, ಚಿಕ್ಕಮ್ಮನ ಕಡೆ ನೋಡಿದರು. ಕೊನೆಗೆ ತಗ್ಗಿದ ದನಿಯಲ್ಲಿ, "ಏನಮ್ಮಾ?" ಅಂದರು. ಲಾಯರಮ್ಮ ಉದ್ದಕ್ಕೆ ಹೇಳಿದಳು. "ಹೌದಾ? ಆಮೇಲೆ?" ಅಂದರು.

ಚಿಕ್ಕಮ್ಮ ಗಲ್ಲಕ್ಕೆ ಕೈ ಹಚ್ಚಿ ನಿಂತಳು.

ಉಣ್ಣೆಯದೆಲ್ಲ ಒಳಗಿಡಬೇಕೆಂದು ಹುಡುಗಿ ಎಚ್ಚರಿಸಿದಾಗ, ಒಂದೇ ಒಂದು ಸ್ವೆಟರ್ ಇದೆ ಎಂದರು. ಅದರ ಆಸೆ ಬಿಟ್ಟುಬಿಡಿ ಎಂದಳು ಚಿಕ್ಕಮ್ಮ.

ಜಮೀನ್ದಾರ ಅದೇ ಸಂಜೆ ಬೀಗದ ಮನೆಗೆ ಹೋಗಿ, ಸೋಫಾದ ಒಂದು ಮೂಲೆಯನ್ನು ತನ್ನ ಹೆಸರಿಗೆ ಮಾಡಿಕೊಂಡನಂತೆ. ಕುರ್ಚಿಯ ಪರೀಕ್ಷೆ ಮುಂದುವರಿಯಿತು. ಬಂದವರು ಎದ್ದು ಹೋದ ಮೇಲೆ ಚಿಕ್ಕಮ್ಮ, "ಏನಂತೀಯೆ?" ಎಂದು ಒಮ್ಮೆ ಹುಡುಗಿಯ ಕಡೆ ನೋಡುವುದೊಂದು ಹೊಸದಾಗಿ ಸೇರಿತು. ಹೆಸರು ಮಾತ್ರ ಮೌನಗೌರಿಯೇ.

ಕೆಳಮಹಡಿ ಭಣಗುಟ್ಟತೊಡಗಿತು. ಕಳ್ಳನಿಗೆ ಮೈ ಬಾಚಿಸಿಕೊಳ್ಳುವ ಪುರುಸೊತ್ತೇ ಇರಲಿಲ್ಲ. ಒಂದು ದಿನ ಹುಡುಗಿ ತನ್ನ ಕೈಗಡಿಯಾರ ಬಿಚ್ಚಿ ಆ ಗೂಡಿನಂಗಡಿಗೆ ಒಯ್ದಳು. ಅವರು ಹಿಂದಿನ ಮುಚ್ಚಳ ತೆರೆದು ನೋಡಿ, ಮುಚ್ಚಿ, ಭೂತಗನ್ನಡಿ ತೆಗೆದರು.

"ಇದಕ್ಕೇನೂ ಆಗಿಲ್ವಲ್ಲಮ್ಮ."

"ಗೊತ್ತು," ಅಂದಳು.

ಮೇಲಿನ ಹಲಗೆಯಿಂದ, ಅರ್ಧ ತಿಂದ ಸ್ವೆಟರಿನ ಮೇಲೆ ಕೂತಿದ್ದ ಲಾಯರಮ್ಮ ತಕರಾರು ತೆಗೆದಳು. ಅವರು ಮೇಜಿನಡಿಯಿಂದ ಇನ್ನೊಂದು ಸ್ಟೂಲು ಎಳೆದು ಧೂಳು ಒರೆಸಿದರು.

"ಕೂತ್ಕೊಳ್ಳಿ. ಬೆಳಗ್ಗೆಯಿಂದ ಇವಳದೇ ನಡೀತಿದೆ. ನಿಮ್ಮ ಸರದಿ ಬರೋದು ಸ್ವಲ್ಪ ತಡ ಆಗುತ್ತೆ."